ಹಲ್ಲಿಗೆ ಹಾಕಿದ ಕಚ್ಚಾ ಹೊಲಿಗೆ

"ನೋವು ಹೋಯ್ತಲ್ಲ, ಇನ್ಯಾಕೆ ಡಾಕ್ಟರ ಹತ್ರ ಹೋಗೋದು?"

ಈ ಮಾತನ್ನು ನೀವು ಎಷ್ಟೋ ಸಲ ಕೇಳಿರುತ್ತೀರಿ. ಆಡಿಯೂ ಇರುತ್ತೀರಿ. ನಾನೂ ಆಡಿದೆ, ಅದೂ ನನ್ನ ಅಕ್ಕನಿಗೆ. ಅಕ್ಕ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಲೆಕ್ಕಕ್ಕೆ ಓರಗಿತ್ತಿ, ನನಗೆ ಒಡಹುಟ್ಟಿದವಳಿಗಿಂತ ಹೆಚ್ಚು. ನನ್ನ ಆ ಮಾತು ಕೇಳಿ ಅವಳು ತನ್ನ ಹಲ್ಲು ಕಳೆದುಕೊಂಡಳು. ಇನ್ನು ಸ್ವಲ್ಪ ತಡವಾಗಿದ್ದರೆ ನಾವು ಅವಳನ್ನೇ ಕಳೆದುಕೊಳ್ಳುತ್ತಿದ್ದೆವು. ಇದನ್ನು ನಾಲ್ಕು ಜನರ ಮುಂದೆ ಹೇಳಲು ನನಗೆ ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಯಾರಾದರೂ ಹಲ್ಲಿಗೆ ಸಿಮೆಂಟ್ ತುಂಬಿಸಿಕೊಂಡು, ನೋವು ಹೋಯಿತೆಂದು ನಿಶ್ಚಿಂತೆಯಾಗಿ ಕೂತಿರಬಹುದು.

ನಮ್ಮದು ಹೊಲಿಗೆ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಅಕ್ಕನ ಮೆಷಿನ್, ಗೋಡೆಯ ಪಕ್ಕ ನನ್ನದು. ನಡುವೆ ಉದ್ದನೆಯ ಮೇಜು. ಅಲ್ಲಿ ಭಾವ, ಅಂದರೆ ಅಕ್ಕನ ಗಂಡ, ಸೀಮೆಸುಣ್ಣದಲ್ಲಿ ಗೆರೆ ಎಳೆದು ಬಟ್ಟೆ ಕತ್ತರಿಸುತ್ತಾರೆ. ಮೂವರೂ ಬೆಳಗಿನಿಂದ ಸಂಜೆಯವರೆಗೆ ಅದೇ ಕೋಣೆಯಲ್ಲಿ. ಜಗಳವೂ ಅಲ್ಲೇ, ನಗುವೂ ಅಲ್ಲೇ.

ಅಕ್ಕನ ಕೈ ಎಷ್ಟು ಚುರುಕೋ ಹಲ್ಲೂ ಅಷ್ಟೇ ಚುರುಕು. ಹೊಲಿಗೆ ಮುಗಿಯುತ್ತಿದ್ದಂತೆ ತಲೆ ಬಗ್ಗಿಸಿ, ಎಡಗಡೆಯ ಹಲ್ಲಿಗೆ ದಾರ ಸಿಕ್ಕಿಸಿ ಟಕ್ಕನೆ ಕತ್ತರಿಸಿಬಿಡುವಳು. ಬಟ್ಟೆಯ ರಾಶಿಯಲ್ಲಿ ಕತ್ತರಿ ಹುಡುಕುತ್ತ ಯಾರು ಕೂರುತ್ತಾರೆ? ಭಾವ ಅವಳಿಗೆ ಕತ್ತರಿಹಲ್ಲು ಎಂದೇ ಹೆಸರಿಟ್ಟಿದ್ದರು. "ನನ್ನ ಕತ್ತರಿಗಾದ್ರೆ ಸಾಣೆ ಹಿಡಿಸ್ಬೇಕು, ಇವಳ ಹಲ್ಲಿಗೆ ಅದೂ ಬೇಡ" ಎಂದು ಗಿರಾಕಿಗಳ ಮುಂದೆಯೇ ರೇಗಿಸುವರು. ಅಕ್ಕನಿಗೆ ಉತ್ತರ ಕೊಡಲು ಆಗುತ್ತಿರಲಿಲ್ಲ. ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದಳಲ್ಲ!

ಇಪ್ಪತ್ತು ವರ್ಷ ದಾರ ಕಚ್ಚಿ ಕಚ್ಚಿ ಆ ಹಲ್ಲಿನ ತುದಿಯಲ್ಲಿ ಸಣ್ಣ ಗೀರು ಬಿದ್ದಿತ್ತು. ಆಮೇಲೆ ಹುಳುಕು ಹಿಡಿಯಿತು. ಮೊದಮೊದಲು ತಣ್ಣೀರು ತಾಗಿದರೆ ಜುಮ್ಮೆನ್ನುತ್ತಿತ್ತು. ಕೊನೆಗೆ ಕಿವಿಯವರೆಗೂ ನೋವು ಹೊಡೆಯತೊಡಗಿತು. ಹಲ್ಲಿನ ಡಾಕ್ಟರು ನೋಡಿ ಹೇಳಿದರು: "ಹುಳುಕು ಬೇರಿನ ತನಕ ಇಳಿದಿದೆ. ಆದ್ರೆ ಕೀಳೋದು ಬೇಡ, ಉಳಿಸ್ಕೋಬಹುದು. ರೂಟ್ ಕೆನಾಲ್ ಮಾಡಿ, ಮೇಲೊಂದು ಕ್ಯಾಪ್ ಹಾಕೋಣ."

ಬೇರಿನೊಳಗೆ ಕೊಳೆತದ್ದನ್ನೆಲ್ಲ ತೆಗೆದು, ತೊಳೆದು, ಮುಚ್ಚಿದರು. ಮೇಲೆ ಸದ್ಯಕ್ಕೆಂದು ಬಿಳಿ ಸಿಮೆಂಟ್ ತುಂಬಿದರು. ಹದಿನೈದು ದಿನ ಬಿಟ್ಟು ಕ್ಯಾಪಿನ ಅಳತೆಗೆ ಬರಲು ಹೇಳಿ, ಏನು ಮಾಡಬೇಕು, ಏನು ಮಾಡಬಾರದು ಎಂದು ಬರೆದಿದ್ದ ಚೀಟಿಯನ್ನು ಕೈಗೆ ಕೊಟ್ಟು ಕಳಿಸಿದರು.

ಅಕ್ಕ ಮನೆಗೆ ಬಂದವಳು ಒಂದು ಗಳಿಗೆ ಸುಮ್ಮನೆ ಕೂರಲಿಲ್ಲ. "ತುಟಿ ನಂದೇ ಅಲ್ಲ ಅನ್ನಿಸ್ತಿದೆ ನೋಡು" ಎಂದು ಕೆಳತುಟಿಯನ್ನು ಬೆರಳಿನಿಂದ ತಟ್ಟಿ ನಕ್ಕಳು. ಇಂಜೆಕ್ಷನ್ನಿನಿಂದ ಅರ್ಧ ಬಾಯಿ ಮರಗಟ್ಟಿತ್ತು. ಅದರಲ್ಲೇ ಮೆಷಿನ್ ಮುಂದೆ ಕೂತು, ಎಂದಿನಂತೆ ಐದು ಗುಂಡುಸೂಜಿ ತುಟಿಯ ನಡುವೆ ಇಟ್ಟುಕೊಂಡು, ಒಂದು ಬಿಳಿ ಕೋಟಿನ ತೋಳು ಜೋಡಿಸತೊಡಗಿದಳು. ಸ್ವಲ್ಪ ಹೊತ್ತಿಗೆ ನಾನು ತಲೆ ಎತ್ತಿ ನೋಡಿದರೆ ಕೋಟಿನ ಕಾಲರಿನ ಮೇಲೆ ಕೆಂಪು ಚುಕ್ಕೆ.

"ಅಕ್ಕ, ರಕ್ತ!"

"ಎಲ್ಲಿ? ಯಾರಿಗೆ?" ಎಂದಳು.

ಸೂಜಿಗಳನ್ನು ತೆಗೆದು ಎಣಿಸಿದೆವು. ಕೋಟಿನಲ್ಲಿ ಎರಡು, ಬಾಯಲ್ಲಿ ಎರಡು. ಐದನೆಯದು ಎಲ್ಲಿ? ನುಂಗಿದಳೋ ಏನೋ ಎಂದು ಅವಳ ಗದ್ದ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದೆ. ನೋಡಿದರೆ ಅದು ಅವಳ ಕೆಳತುಟಿಯಲ್ಲೇ ನೆಟ್ಟುಕೊಂಡಿತ್ತು. ಅವಳಿಗೆ ಗೊತ್ತೇ ಇರಲಿಲ್ಲ.

ಆ ಬಿಳಿ ಕೋಟು ಯಾರದು ಗೊತ್ತೇ? ಅದೇ ಹಲ್ಲಿನ ಆಸ್ಪತ್ರೆಯ ನರ್ಸಮ್ಮನದು. ಮಾರನೆಯ ದಿನ ಅಳತೆ ನೋಡಲು ಬಂದರು. ಅಕ್ಕನ ತುಟಿ ಊದಿರುವುದನ್ನು ಕಂಡು ಕೇಳಿದರು. ನಾವು ನಡೆದದ್ದು ಹೇಳಿದೆವು. ಭಾವ ನಗೆಮಾತು ಆಡಲು ಹೋದರು, ನರ್ಸಮ್ಮ ನಗಲಿಲ್ಲ.

"ಚೀಟಿ ಕೊಟ್ಟಿದ್ವಲ್ಲ, ಓದ್ಲಿಲ್ವಾ? ಮರಗಟ್ಟಿದ್ದು ಬಿಡೋಕೆ ಮೂರ್ನಾಲ್ಕು ಗಂಟೆ ಬೇಕು. ಅಲ್ಲೀವರೆಗೂ ಊಟ ಬೇಡ, ಬಿಸಿಬಿಸಿ ಚಹಾ ಬೇಡ. ತುಟಿ, ಕೆನ್ನೆ, ನಾಲಿಗೆ ಕಚ್ಕೊಂಡ್ರೂ ಗೊತ್ತಾಗಲ್ಲ. ಅಂಥಾದ್ರಲ್ಲಿ ಸೂಜಿ ಇಟ್ಕೊಂಡಿದ್ದೀರಲ್ಲ!"

ಅಕ್ಕ ತಪ್ಪು ಮಾಡಿದ ಮಗುವಿನ ಹಾಗೆ ತಲೆ ತಗ್ಗಿಸಿದಳು. "ಈಗ ಹಲ್ಲು ಒಂಚೂರು ನೋಯ್ತಿದೆ, ಅದೂ ತಪ್ಪಾ?" ಎಂದು ಕೇಳಿದಳು.

"ಅದು ತಪ್ಪಲ್ಲಮ್ಮ. ಎರಡು ಮೂರು ದಿನ ಕಚ್ಚಿದಾಗ ಸ್ವಲ್ಪ ನೋಯುತ್ತೆ. ಡಾಕ್ಟರು ಬರ್ಕೊಟ್ಟ ಮಾತ್ರೆ ಹೇಳಿದಷ್ಟು ದಿನ ತಗೊಳ್ಳಿ. ದಿನದಿಂದ ದಿನಕ್ಕೆ ಕಡಿಮೆ ಆಗ್ಬೇಕು. ಬಾಯಿ ಮುಚ್ಚಿದಾಗ ಆ ಹಲ್ಲೇ ಮೊದಲು ತಾಗ್ತಿದೆ, ಎತ್ತರ ಆಗಿದೆ ಅನ್ನಿಸಿದ್ರೆ ಬನ್ನಿ, ಸ್ವಲ್ಪ ಉಜ್ಜಿ ಸರಿ ಮಾಡ್ತಾರೆ. ಆ ಕಡೆ ಅಗಿಯೋದು ಬೇಡ. ಗಟ್ಟಿ ತಿಂಡಿ, ಅಂಟೋ ತಿಂಡಿ ಬೇಡ. ಹಾಗಂತ ಹಲ್ಲುಜ್ಜೋದು ಬಿಡ್ಬೇಡಿ, ಮೆತ್ತಗೆ ಉಜ್ಜಿ. ಒಸಡು ನೋಯ್ತಿದ್ರೆ ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿ. ಮತ್ತೆ ದಾರ…" ಎಂದು ಅಕ್ಕನನ್ನು ದಿಟ್ಟಿಸಿದರು. "ದಾರ ಕಚ್ಚೋದು ಇವತ್ತಿಂದ ಬಂದ್."

"ಸಿಮೆಂಟ್ ಹಾಕಿದ್ದೀರಲ್ಲ, ಗಟ್ಟಿ ಇರುತ್ತಲ್ವಾ?" ಇದು ನನ್ನ ಪ್ರಶ್ನೆ. ಮಧ್ಯೆ ಬಾಯಿ ಹಾಕುವುದು ನನ್ನ ಹುಟ್ಟುಗುಣ.

ನರ್ಸಮ್ಮ ತಮ್ಮ ಕೋಟನ್ನೇ ಕೈಗೆತ್ತಿಕೊಂಡರು. ತೋಳಿನ ಸುತ್ತ ಅಕ್ಕ ಹಾಕಿದ್ದ ಉದ್ದುದ್ದ ಟಾಕೆ ತೋರಿಸಿದರು. "ಇದಕ್ಕೆ ಏನಂತೀರಿ ನೀವು?"

"ಕಚ್ಚಾ ಹೊಲಿಗೆ."

"ಇದನ್ನ ಹೀಗೇ ಹಾಕ್ಕೊಂಡು ಕೆಲ್ಸಕ್ಕೆ ಹೋಗ್ಲಾ?"

"ಅಯ್ಯೋ, ಎಲ್ಲಾದ್ರೂ ಉಂಟಾ! ಕೈ ಎತ್ತಿದ್ರೆ ತೋಳೇ ಕಿತ್ತು ಬರುತ್ತೆ" ಎಂದಳು ಅಕ್ಕ.

"ಈಗ ನಿಮ್ಮ ಹಲ್ಲಿಗೆ ಹಾಕಿರೋದೂ ಕಚ್ಚಾ ಹೊಲಿಗೇನೇ. ಒಳಗಿನ ನರ ತೆಗೆದಿರೋದ್ರಿಂದ ಹಲ್ಲು ಮುರೀತಿದ್ರೂ ಅದು ಅಯ್ಯೋ ಅನ್ನಲ್ಲ. ಗಟ್ಟಿ ಹೊಲಿಗೆ ಬೀಳೋದು ಕ್ಯಾಪ್ ಹಾಕಿದ ದಿನ. ನೋವಿಲ್ಲ ಅಂತ ಬರದೇ ಇದ್ದುಬಿಡ್ಬೇಡಿ."

ಇದಕ್ಕಿಂತ ಸುಲಭವಾಗಿ ನಮಗೆ ಇನ್ನಾರು ಹೇಳಬೇಕಿತ್ತು? ಕೇಳಿದೆವು, ತಲೆ ಆಡಿಸಿದೆವು. ಆ ಸಂಜೆಯೇ ಅಂಗಡಿಗೆ ಶಾಲಾ ಸಮವಸ್ತ್ರದ ಬಟ್ಟೆ ಬಂದು ಬಿತ್ತು. ಮೂರು ಶಾಲೆಯ ಮಕ್ಕಳದು. ಶಾಲೆ ಶುರುವಾಗುವ ಮೊದಲು ಮುಗಿಸಬೇಕು. ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಒಂದು ಹುಡುಗಿ ಅಳತೆ ಕೊಡಲು ಬಂದಳು. ಅಳತೆ ಚೀಟಿಯ ಪುಸ್ತಕ ಮುಗಿದಿತ್ತು. ಮೇಜಿನ ಮೇಲೆ ಬಿದ್ದಿದ್ದ ಒಂದು ಕಾಗದ ಎಳೆದುಕೊಂಡು, ಖಾಲಿ ಬೆನ್ನಿಗೆ ಸೊಂಟ, ಉದ್ದ ಬರೆದು, ಬಟ್ಟೆಗೆ ಸೂಜಿಯಿಂದ ಚುಚ್ಚಿ ರಾಶಿಗೆ ಎಸೆದೆ. ಅದು ಯಾವ ಕಾಗದ ಎಂದು ತಿರುಗಿಸಿ ನೋಡಲಿಲ್ಲ. ನೀವು ಊಹಿಸಿದ್ದೇ ಸರಿ.

ಹದಿನೈದು ದಿನ ಕಳೆಯಿತು. ಅಕ್ಕನಿಗೇ ನೆನಪಾಯಿತು. "ಈ ವಾರ ಹಲ್ಲಿನ ಆಸ್ಪತ್ರೆಗೆ ಹೋಗ್ಬೇಕಿತ್ತು ಅಲ್ವಾ? ಆ ಚೀಟಿ ಎಲ್ಲಿ ಹೋಯ್ತೋ" ಎಂದಳು.

ನಾನು ಕಾಲರು ಹೊಲಿಯುತ್ತಿದ್ದೆ. ತಲೆ ಎತ್ತದೆಯೇ ಹೇಳಿದೆ: "ನೋವು ಹೋಯ್ತಲ್ಲ ಅಕ್ಕ, ಇನ್ಯಾಕೆ? ಈ ರಾಶಿ ಮುಗೀಲಿ. ಕ್ಯಾಪ್ ಎಲ್ಲಿ ಓಡಿ ಹೋಗುತ್ತೆ?"

ಅವಳು ಹೊರಡಲು ಎದ್ದಿದ್ದಳೋ ಇಲ್ಲವೋ ನನಗೆ ಈಗ ನೆನಪಿಲ್ಲ. ಮತ್ತೆ ಮೆಷಿನ್ ತುಳಿಯುವ ಸದ್ದು ಕೇಳಿದ್ದು ಮಾತ್ರ ನೆನಪಿದೆ. ದಾರ ಕಚ್ಚುವ ಚಾಳಿಯೂ ನಾಲ್ಕು ದಿನ ನಿಂತು ಐದನೆಯ ದಿನ ಮರಳಿತು. "ಈ ಕಡೆ ಹಲ್ಲಲ್ಲಿ ಕಚ್ತೀನಿ ಬಿಡು" ಎನ್ನುವಳು. ಕೆಲಸದ ಭರದಲ್ಲಿ ಯಾವ ಕಡೆ ಎಂದು ನೋಡುವವರು ಯಾರು?

ಒಂದು ಮಧ್ಯಾಹ್ನ ಅವಳು ದಾರ ಕಡಿದವಳೇ ಥೂ ಎಂದು ಬಾಯಿಂದ ಏನೋ ತೆಗೆದಳು. ಬಿಳಿಯ ಚೂರು. ಅಂಗೈಯಲ್ಲಿ ಇಟ್ಟುಕೊಂಡು ಭಾವನ ಕಡೆ ನೋಡಿ, "ನಿಮ್ಮ ಸೀಮೆಸುಣ್ಣ ನನ್ನ ಬಾಯಿಗೂ ಬಂತು ನೋಡಿ" ಎಂದು ಗದರಿದಳು. ನಮ್ಮ ಕೋಣೆಯಲ್ಲಿ ಸೀಮೆಸುಣ್ಣ ಎಲ್ಲಿ ಇಲ್ಲ? ಬಟ್ಟೆಯಲ್ಲಿ, ಕೂದಲಲ್ಲಿ, ಅನ್ನದ ತಟ್ಟೆಯಲ್ಲೂ ಸಿಕ್ಕಿದ್ದುಂಟು. ಮೂವರೂ ನಕ್ಕೆವು. ಅಕ್ಕ ಆ ಚೂರನ್ನು ಕಿಟಕಿಯಿಂದ ಆಚೆ ಎಸೆದಳು.

ಅದು ಸೀಮೆಸುಣ್ಣವಾಗಿರಲಿಲ್ಲ. ಹಲ್ಲಿನ ಸಿಮೆಂಟು. ನರವಿಲ್ಲದ ಹಲ್ಲು, ನೋವೇ ಬರಲಿಲ್ಲ. ಬಾಯಿ ತೆರೆದ ಆ ಗುಂಡಿಯೊಳಗೆ ಎಂಜಲು, ಅನ್ನ, ಕೊಳೆ ಎಲ್ಲ ಇಳಿಯುತ್ತಿತ್ತು. ನಾವು ಸಮವಸ್ತ್ರದ ಗುಂಡಿ ಹಾಕುತ್ತ ಕೂತಿದ್ದೆವು.

ಹತ್ತು ದಿನಕ್ಕೆ ದವಡೆ ಊದಿತು. ಶುಕ್ರವಾರ ನಿಂಬೆಹಣ್ಣಿನಷ್ಟಿತ್ತು. ನಾನು ಬಿಸಿನೀರಿನ ಬಟ್ಟೆ ಹಿಂಡಿ ಶಾಖ ಕೊಟ್ಟೆ. ಊತಕ್ಕೆ ಹಾಗೆ ಶಾಖ ಕೊಡಬಾರದೆಂದು ಆಮೇಲೆ ಗೊತ್ತಾಯಿತು. ಶನಿವಾರ ಔಷಧಿ ಅಂಗಡಿಯಿಂದ ನೋವಿನ ಮಾತ್ರೆ ತಂದೆ. ನೋವು ಇಳಿಯಿತು, ಊತ ಇಳಿಯಲಿಲ್ಲ. ಭಾವ ಆಸ್ಪತ್ರೆಗೆ ಹೋಗೋಣ ಎಂದರು. "ಸೋಮವಾರ ಬಟ್ಟೆ ಕೊಟ್ಟು ಹೋದ್ರಾಯ್ತು" ಎಂದಳು ಅಕ್ಕ. ಹೌದೆಂದು ತಾಳ ಹಾಕಿದವಳು ನಾನೇ.

ಭಾನುವಾರ ಬೆಳಿಗ್ಗೆ ಅವಳ ಕೋಣೆಗೆ ಹೋದೆ. ಗೋಡೆಗೆ ಒರಗಿ ಕೂತಿದ್ದಳು. ಮೈ ಕೆಂಡದಂತೆ ಸುಡುತ್ತಿತ್ತು. ಊತ ಕುತ್ತಿಗೆಗೆ ಇಳಿದಿತ್ತು. ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಎಂಜಲು ನುಂಗಲಾಗದೆ ತುಟಿಯಂಚಿನಿಂದ ಹರಿದು ಕೊರಳು ಒದ್ದೆಯಾಗಿತ್ತು. ನನ್ನನ್ನು ನೋಡಿ ಏನೋ ಹೇಳಲು ಹೋದಳು, ಮಾತು ಹೊರಡಲಿಲ್ಲ.

ನನಗೆ ಆ ಚೀಟಿ ನೆನಪಾಯಿತು. ಹುಚ್ಚಿಯ ಹಾಗೆ ಅಂಗಡಿಗೆ ಓಡಿ ಮೇಜಿನ ಕೆಳಗೆ, ಡಬ್ಬಿಯಲ್ಲಿ, ಮೊಳೆಗೆ ಚುಚ್ಚಿದ ಹಳೆಯ ಚೀಟಿಗಳಲ್ಲಿ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಬೂದುಬಣ್ಣದ ಲಂಗದ ಬಟ್ಟೆಯ ಮೇಲೆ. ಮೇಲೆ ನನ್ನದೇ ಅಕ್ಷರ. ಸೊಂಟ, ಉದ್ದ. ತಿರುಗಿಸಿದೆ. ಕೊನೆಯ ಸಾಲಿನ ಕೆಳಗೆ ಗೆರೆ ಎಳೆದಿದ್ದರು: "ಊತ, ಜ್ವರ ಬಂದರೆ ಅದೇ ದಿನ ಬನ್ನಿ. ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಒಂದು ಕ್ಷಣವೂ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಿ."

ಭಾವನನ್ನು ಕೂಗಿದೆ. ಬಾಡಿಗೆ ಗಾಡಿ ತಂದರು. ದಾರಿಯುದ್ದಕ್ಕೂ ಅಕ್ಕ ನನ್ನ ಕೈ ಹಿಡಿದುಕೊಂಡಿದ್ದಳು. ನಾನು ಆ ಚೀಟಿಯನ್ನು ಇನ್ನೊಂದು ಕೈಯಲ್ಲಿ ಮುದುಡಿ ಹಿಡಿದಿದ್ದೆ.

ದೊಡ್ಡ ಆಸ್ಪತ್ರೆಯಲ್ಲಿ ಅವಳನ್ನು ನೇರ ಒಳಗೆ ಕರೆದುಕೊಂಡು ಹೋದರು. ದವಡೆಯ ಕೆಳಗೆ ಕೊಯ್ದು ಕೀವು ತೆಗೆದರು. ಹಲ್ಲು ಬೇರಿನ ತನಕ ಸೀಳಿಹೋಗಿತ್ತು, ಅದನ್ನೂ ಕಿತ್ತರು. "ಇನ್ನು ಅರ್ಧ ದಿನ ತಡ ಆಗಿದ್ರೆ ಊತ ಉಸಿರಾಟದ ದಾರೀನೇ ಮುಚ್ಚಿಬಿಡ್ತಿತ್ತು" ಎಂದು ಡಾಕ್ಟರು ಭಾವನಿಗೆ ಹೇಳಿದರು. ಭಾವ ಹೊರಗೆ ಬಂದು ಬೆಂಚಿನ ಮೇಲೆ ಕೂತರು. ಅಷ್ಟು ವರ್ಷಗಳಲ್ಲಿ ಅವರು ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಕತ್ತರಿಹಲ್ಲು ಅಂತ ನಾನೇ ಹುರಿದುಂಬಿಸ್ತಿದ್ದೆನಲ್ಲಮ್ಮ" ಎಂದರು. ಅವರಿಗೆ ಸಮಾಧಾನ ಹೇಳುವ ಯೋಗ್ಯತೆ ನನಗೆಲ್ಲಿತ್ತು?

ಒಂಬತ್ತು ದಿನ ಅಕ್ಕ ಆಸ್ಪತ್ರೆಯಲ್ಲಿದ್ದಳು. ಮೊದಲ ನಾಲ್ಕು ದಿನ ಮಾತಿಲ್ಲ. ಏನು ಬೇಕಾದರೂ ಕಾಗದದ ಮೇಲೆ ಬರೆಯುವಳು. ಮೊದಲು ಬರೆದದ್ದು ಏನು ಗೊತ್ತೇ? "ಅಂಗಿಗಳಿಗೆ ಗುಂಡಿ ಕಾಜಾ ಆಯ್ತಾ?" ಎಂದು. ನಾನು ನಗಲೂ ಆಗದೆ ಅಳಲೂ ಆಗದೆ ಹೊರಗೆ ಹೋಗಿ ನಿಂತೆ.

ಐದನೆಯ ದಿನ ತಡೆಯಲಾಗಲಿಲ್ಲ. ಆ ಮುದುಡಿದ ಚೀಟಿಯನ್ನು ಅವಳ ಮುಂದಿಟ್ಟೆ. "ಇದು ಕಳೆದಿರ್ಲಿಲ್ಲ ಅಕ್ಕ. ಇದರ ಬೆನ್ನ ಮೇಲೆ ಅಳತೆ ಬರೆದು ಬಟ್ಟೆಗೆ ಚುಚ್ಚಿದ್ದು ನಾನು. ಹೋಗ್ಬೇಡ ಅಂದಿದ್ದೂ ನಾನು."

ಅವಳು ಚೀಟಿಯನ್ನು ತಿರುಗಿಸಿ ನೋಡಿದಳು. ಆಮೇಲೆ ಕಷ್ಟಪಟ್ಟು, ಒಂದೊಂದೇ ಮಾತು ಕೂಡಿಸಿ ಕೇಳಿದಳು: "ಆ ಹುಡುಗಿ ಲಂಗ… ಕೊಟ್ಯಾ?"

"ಕೊಟ್ಟೆ ಅಕ್ಕ."

"ಒಳ್ಳೇದಾಯ್ತು" ಎಂದು ನನ್ನ ತಲೆಯ ಮೇಲೆ ಕೈಯಿಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಕೈಯ ಭಾರ ತಡೆಯಲಾಗಲಿಲ್ಲ.

ಈಗ ಅಕ್ಕ ಚೆನ್ನಾಗಿದ್ದಾಳೆ. ದವಡೆಯ ಕೆಳಗೆ ಒಂದು ಗೆರೆ ಉಳಿದಿದೆ, ನಕ್ಕರೆ ಎಡಗಡೆ ಖಾಲಿ ಕಾಣುತ್ತದೆ. ಭಾವ ತಾವೇ ಎರಡು ಪುಟ್ಟ ಕತ್ತರಿ ತಂದು, ದಪ್ಪ ದಾರ ಕಟ್ಟಿ, ಒಂದನ್ನು ಅವಳ ಕೊರಳಿಗೆ, ಇನ್ನೊಂದನ್ನು ನನ್ನ ಕೊರಳಿಗೆ ಹಾಕಿದರು. ಗುಂಡುಸೂಜಿ ಚುಚ್ಚಿಡಲು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಮೆತ್ತೆಯನ್ನು ನಾನು ಹೊಲಿದೆ. ಕತ್ತರಿಹಲ್ಲು ಎಂಬ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ.

ಅದರ ಮರುವರ್ಷ ನನ್ನದೇ ಸರದಿ ಬಂತು. ದವಡೆಹಲ್ಲಿಗೆ ರೂಟ್ ಕೆನಾಲ್. ಮನೆಗೆ ಬಂದ ತಕ್ಷಣ ಅಕ್ಕ ನನ್ನ ಕೈಯಿಂದ ಚೀಟಿ ಕಿತ್ತುಕೊಂಡು ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಮರಗಟ್ಟಿದ್ದು ಬಿಡುವವರೆಗೆ ಬಿಸಿ ಚಹಾ ಮುಟ್ಟಗೊಡಲಿಲ್ಲ. ಆಮೇಲೆ ಮೆತ್ತಗಿನ ಗಂಜಿ ಮಾಡಿಕೊಟ್ಟು, ಬಲಗಡೆ ಅಗಿಯುತ್ತೇನೋ ಎಡಗಡೆಯೋ ಎಂದು ಎದುರಿಗೇ ಕೂತು ನೋಡಿದಳು.

ಕ್ಯಾಪಿನ ಅಳತೆಯ ದಿನ ಬಂತು. ಮತ್ತೆ ಸಮವಸ್ತ್ರದ ಕಾಲ, ಮೇಜಿನ ಮೇಲೆ ಅದೇ ಬೂದು ಬಟ್ಟೆಯ ಗುಡ್ಡ. ನನಗೆ ಒಂದಿಷ್ಟೂ ನೋವಿರಲಿಲ್ಲ. ಬಾಯಿ ತಪ್ಪಿ ಅಂದುಬಿಟ್ಟೆ: "ನಾಳಿದ್ದು ಹೋಗ್ತೀನಿ ಅಕ್ಕ, ಈಗೇನೂ ನೋವಿಲ್ಲ…"

ಮೆಷಿನ್ ನಿಂತಿತು. ಅಕ್ಕ ಕೊರಳ ಕತ್ತರಿಯಿಂದ ದಾರ ಕತ್ತರಿಸಿದಳು. ಎದ್ದಳು. ನನ್ನ ಬೆರಳು ಹಿಡಿದು ತನ್ನ ದವಡೆಯ ಕೆಳಗಿನ ಗೆರೆಯ ಮೇಲೆ ಇಟ್ಟಳು.

"ಏಳು" ಎಂದಳು.

ಭಾವ ಆಗಲೇ ಅಂಗಡಿಯ ಬಾಗಿಲು ಎಳೆಯುತ್ತಿದ್ದರು. ಆ ದಿನ ಮಕ್ಕಳ ಅಂಗಿಗಳು ಕಾದವು. ಯಾವ ಶಾಲೆಯೂ ಮುಚ್ಚಿಹೋಗಲಿಲ್ಲ. ನನ್ನ ಹಲ್ಲು ಇವತ್ತಿಗೂ ಬಾಯಲ್ಲಿದೆ, ಕ್ಯಾಪ್ ಹಾಕಿಕೊಂಡು ಗಟ್ಟಿಯಾಗಿದೆ. ಅದರಲ್ಲಿ ಅಗಿಯುವಾಗೆಲ್ಲ ಅಕ್ಕನ ಖಾಲಿ ಜಾಗ ನೆನಪಾಗುತ್ತದೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮಲ್ಲಿ ಬಡಗಿಗಳಿರಬಹುದು, ಬಾಯಲ್ಲಿ ಮೊಳೆ ಹಿಡಿಯುವವರು. ವೈರಿನ ಸಿಪ್ಪೆಯನ್ನು ಹಲ್ಲಿನಲ್ಲಿ ಸುಲಿಯುವವರಿರಬಹುದು. ಬಾಟಲಿಯ ಮುಚ್ಚಳ ಕಚ್ಚಿ ತೆಗೆಯುವವರಂತೂ ಮನೆಗೊಬ್ಬರು. ಇವತ್ತೇ ಬಿಡಿ. ಹಲ್ಲಿಗೆ ಚಿಕಿತ್ಸೆ ಮಾಡಿಸಿಕೊಂಡಿದ್ದರೆ ನೋವು ಹೋದದ್ದನ್ನು ನೆಚ್ಚಬೇಡಿ, ಡಾಕ್ಟರು ಕೊಟ್ಟ ದಿನವನ್ನು ನೆಚ್ಚಿ. ಸಿಮೆಂಟ್ ಉದುರಿದರೆ ನೋವಿಲ್ಲದಿದ್ದರೂ ಹೋಗಿ ತೋರಿಸಿ. ಊತ ಬಂದರೆ ಸೋಮವಾರಕ್ಕೆ ಕಾಯಬೇಡಿ.

ಈಗ ಒಂದು ಕೆಲಸ ಮಾಡಿ. ಇದನ್ನು ಓದಿ ಮುಗಿಸಿದ ಮೇಲೆ ಎದ್ದು ಹೋಗಿ ನಿಮ್ಮ ಮನೆಯಲ್ಲಿ ಆಸ್ಪತ್ರೆಯವರು ಕೊಟ್ಟ ಚೀಟಿ ಎಲ್ಲಿದೆ ಹುಡುಕಿ. ಅದರ ಬೆನ್ನ ಮೇಲೆ ಯಾರೋ ಏನೋ ಬರೆದಿರಬಹುದು. ದಯವಿಟ್ಟು ತಿರುಗಿಸಿ ಓದಿ.